ಎರಡು ಗಿಡ್ಡ ಸ್ಕ್ರೂಗಳು

ಡಬ್ಲಿನ್ನಿನ ಸಿಟಿವೆಸ್ಟಿನ ಆಫೀಸಿನಲ್ಲಿ ಏನು ಕೆಲಸ ಎಂದು ಊರಿನಿಂದ ಯಾರಾದರೂ ಫೋನಿನಲ್ಲಿ ಕೇಳಿದರೆ, "ಬರೆಯೋ ಕೆಲಸ" ಎಂದು ಹೇಳಿ ಮಾತು ಬದಲಾಯಿಸುತ್ತಿದ್ದೆ. ಕೊಳ್ಳುವ ಮುಂಚೆ ಜನ ಓದುತ್ತಾರಲ್ಲ, ಆ ವಿಮರ್ಶೆಗಳನ್ನು ಬರೆಯುವುದು ನನ್ನ ಕೆಲಸವಾಗಿತ್ತು. ಮಿಕ್ಸರ್, ವ್ಯಾಕ್ಯೂಮ್ ಕ್ಲೀನರ್, ಮಳೆಕೋಟು, ಟಾರ್ಚು. ಅಮೆರಿಕದ ಒಂದು ವೆಬ್‌ಸೈಟಿಗೆ ನಮ್ಮ ಕಂಪನಿ ಇವನ್ನು ಬರೆದು ಕೊಡುತ್ತಿತ್ತು. ಕೆಳಗೆ ನಮ್ಮ ಹೆಸರು ಇರುತ್ತಿರಲಿಲ್ಲ. ಅಡುಗೆಮನೆಯ ಸಾಮಾನಾದರೆ ನಗುಮುಖದ ಒಬ್ಬ ಹೆಂಗಸಿನ ಫೋಟೋ, ಹೊರಗಿನ ಸಾಮಾನಾದರೆ ಚೌಕಳಿ ಅಂಗಿಯ ಒಬ್ಬ ಗಡ್ಡದವನ ಫೋಟೋ. ಇಬ್ಬರೂ ಎಲ್ಲೂ ಇಲ್ಲದ ಮನುಷ್ಯರು. ಚಟ್ನಿ ನುಣ್ಣಗಾಗದಿದ್ದರೆ ಯಾರೂ ಸಾಯುವುದಿಲ್ಲ ಎಂದುಕೊಂಡು ನಾಲ್ಕು ವರ್ಷ ಆ ಸುಳ್ಳಿನ ಜೊತೆ ನಾನು ಸಂಸಾರ ಮಾಡಿದೆ. ಮುಂದೆ ಬೇರೆಯವರ ಮೇಲೆ ಬಹಳ ಸಿಟ್ಟು ತೋರಿಸುವವಳಿದ್ದೇನೆ. ಅದಕ್ಕೇ ನನ್ನ ಪಾಲಿನದನ್ನು ಮೊದಲೇ ಹೇಳಿಬಿಟ್ಟೆ.

ಪಿಸ್ತೂಲು ಬಂದದ್ದು ಒಂದು ಸೋಮವಾರ. ಬಂದದ್ದು ಪಿಸ್ತೂಲಲ್ಲ, ಅದರ ಕಾಗದ. ತಯಾರಕರು ಕೊಟ್ಟ ವಿವರಗಳು, ಹೊಳೆಯುವ ಚಿತ್ರಗಳು, ಬೇರೆಯವರು ಮಾಡಿದ ಹತ್ತು ವೀಡಿಯೋಗಳ ಕೊಂಡಿ. ದುಬಾರಿ ಮಾಲು. ಪ್ಲಾಸ್ಟಿಕ್ಕಿನ ಬದಲು ಪೂರ್ತಿ ಲೋಹದ ಚೌಕಟ್ಟು, ಚಿಕ್ಕ ಅಳತೆ, ತಲೆಯ ಮೇಲೆ ರೆಡ್ ಡಾಟ್ ಸೈಟ್. ಅಂದರೆ ಬೆರಳಗಲದ ಒಂದು ಗಾಜಿನ ಕಿಟಕಿ. ಅದರೊಳಗೆ ಒಂದು ಕೆಂಪು ಚುಕ್ಕೆ. ಚುಕ್ಕೆ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ ಹೋಗಬೇಕು. ಮನೆಯಲ್ಲಿ ಈ ಹೆಸರು ಹೇಳಿದಾಗ ನನ್ನ ಗಂಡ, "ಸೈಟು ಅಂದ್ರೆ ನಮಗೆ ಥರ್ಟಿ ಫಾರ್ಟಿ ಒಂದೇ ಗೊತ್ತಿರೋದು" ಎಂದು ನಕ್ಕಿದ್ದ. ಅವನು ಇಲ್ಲಿಯ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರು.

ಕಾಗದ ತಂದುಕೊಟ್ಟವನು ನಮ್ಮ ಟೀಮ್ ಲೀಡ್. ಬೆಂಗಳೂರಿನ ಹುಡುಗ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ವರ್ಕ್ ಪರ್ಮಿಟ್ ಮೇಲೆ ಬಂದು ಎರಡು ವರ್ಷವಾಗಿತ್ತು. ಮೀಟಿಂಗಿನಲ್ಲಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದ. ಏನಾದರೂ ಆಗಬೇಕಾದಾಗ ಮಾತ್ರ 'ಅಕ್ಕ' ಅನ್ನುತ್ತಿದ್ದ.

"ಅಕ್ಕ, ಇದೊಂದು ನೀವೇ ಮಾಡ್ಬೇಕು. ಟೀಮಲ್ಲಿ ಇನ್ಯಾರಿಗೂ ಗನ್ ಅಂದ್ರೆ ಏನೂಂತ ಗೊತ್ತಿಲ್ಲ."

"ಗನ್ ಎಲ್ಲಿ?"

"ಗನ್ ಎಲ್ಲಿಂದ ಬರತ್ತೆ ಅಕ್ಕ? ಇಲ್ಲಿ ಬೀಟ್ ಪೊಲೀಸ್ರ ಹತ್ರಾನೇ ಇಲ್ಲ. ವೀಡಿಯೋ ನೋಡಿ ಬರೀರಿ. ಐನೂರು ಗುಂಡು ಹೊಡ್ದೆ, ಒಂದ್ಸಲಾನೂ ಸಿಕ್ಕಾಕೊಳ್ಲಿಲ್ಲ ಅಂತ ಹಾಕಿ. ಯಾರು ಬಂದು ಚೆಕ್ ಮಾಡ್ತಾರೆ?"

ನನಗೆ ಗನ್ ಎಂದರೆ ಏನೆಂದು ಗೊತ್ತಿತ್ತು, ಅದೇ ತೊಂದರೆಯಾಯಿತು. ಅಪ್ಪ ಮೈಸೂರಿನಲ್ಲಿ ಪೊಲೀಸ್ ಶಸ್ತ್ರಾಗಾರದ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಇಡೀ ದಿನ ಬಂದೂಕು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಮತ್ತೆ ಜೋಡಿಸುವ ಕೆಲಸ. ಮನೆಗೆ ಬಂದಾಗ ಅವರ ಬೆರಳಿನಿಂದ ಅನ್ನಕ್ಕೂ ಆ ಎಣ್ಣೆಯ ವಾಸನೆ ಹತ್ತುತ್ತಿತ್ತು ಎಂದು ಅಮ್ಮ ಗೊಣಗುತ್ತಿದ್ದಳು. ಕಾಲೇಜಿನಲ್ಲಿ ನಾನು ಪಿಸ್ತೂಲು ಶೂಟಿಂಗಿಗೆ ಸೇರಿ ರಾಜ್ಯಮಟ್ಟದವರೆಗೆ ಹೋದೆ. ಅಪ್ಪನಿಗೆ ಹೆಮ್ಮೆಯಾಗಿತ್ತು, ಆದರೆ ಹೇಳಿಕೊಟ್ಟದ್ದು ಒಂದೇ ಪಾಠ. "ಖಾಲಿ ಐತೆ ಅಂತ ಯಾರೇ ಹೇಳಿ ಕೈಗೆ ಕೊಡ್ಲಿ, ಎಸ್ಪಿ ಸಾಹೇಬ್ರೇ ಕೊಡ್ಲಿ, ನೀನು ತೆಗ್ದು ನೋಡು." ಗಣೇಶನ ಹಬ್ಬದ ಊಟದಲ್ಲಿ ಯಾವಾಗಲೋ ಈ ಕಥೆ ಹೇಳಿದ್ದೆ. ಟೀಮ್ ಲೀಡ್ ನೆನಪಿಟ್ಟುಕೊಂಡಿದ್ದ.

"ಕೈಯಲ್ಲಿ ಹಿಡೀದೆ ಬರಿಯಲ್ಲ," ಎಂದೆ.

"ಮಿಕ್ಸರ್ ಬಗ್ಗೆ ಬರ್ದ್ರಲ್ಲ?"

"ಅದು ಮಿಕ್ಸರ್ ಕಣೋ!"

ಅವನು ಮೂರು ವಾರ ಕಾಲ ಕೊಟ್ಟ. ಕೊಟ್ಟದ್ದಕ್ಕೆ ಆಗ ಕೃತಜ್ಞತೆಯನ್ನೂ ಹೇಳಿದೆ.

ಐರ್ಲೆಂಡಿನಲ್ಲಿ ಇಂಥ ಪಿಸ್ತೂಲು ಹೊಸಬರಿಗೆ ಸಿಕ್ಕುವುದಿಲ್ಲ. ಕಾನೂನು ಬಿಗಿಯಾಗುವ ಮುಂಚಿನಿಂದ ಲೈಸೆನ್ಸ್ ಉಳಿಸಿಕೊಂಡು ಬಂದ ಕೆಲವರ ಬಳಿ ಮಾತ್ರ ಇವೆ. ಹೊಡೆಯುವುದೂ ಪೊಲೀಸರ ಅನುಮತಿ ಇರುವ ಕ್ಲಬ್ಬಿನ ರೇಂಜಿನಲ್ಲಿ ಮಾತ್ರ. ನಾನು ಐದು ಕ್ಲಬ್ಬುಗಳಿಗೆ ಫೋನ್ ಮಾಡಿದೆ. ನಾಲ್ಕು ಕಡೆ ಮರ್ಯಾದೆಯಾಗಿ ಇಲ್ಲವೆಂದರು. ಐದನೆಯ ಕ್ಲಬ್ಬಿನ ಕಾರ್ಯದರ್ಶಿ, "ನಮ್ಮಲ್ಲಿ ಒಬ್ಬರು ಹಳೆಯದನ್ನು ಕೊಟ್ಟು ಅದೇ ಮಾಡೆಲ್ ತರಿಸಿಕೊಂಡಿದ್ದಾರೆ, ಬಂದಾಗಿನಿಂದ ಅದಕ್ಕೆ ಬೈಯುತ್ತಲೇ ಇದ್ದಾರೆ, ಬಂದು ಮಾತಾಡಿ" ಎಂದರು.

ಭಾನುವಾರ ಬೆಳಿಗ್ಗೆ ಕ್ಯಾಸಲ್‌ನಾಕ್‌ನ ಮನೆಯಿಂದ ಹೊರಟು, ಮೇನೂತ್ ದಾಟಿ, ಇನ್ನೂ ಮುಕ್ಕಾಲು ಗಂಟೆ ಹೋದೆ. ಹಳೆಯ ಕಲ್ಲುಗಣಿಯೊಂದರ ಹೊಟ್ಟೆಯೊಳಗೆ ರೇಂಜು. ತಗಡಿನ ಮಾಡಿನ ಒಂದು ಗುಡಿಸಲು, ಒಳಗೆ ಗ್ಯಾಸ್ ಹೀಟರು, ಚಹಾದ ಕೆಟಲು. ಪಿಸ್ತೂಲಿನ ಒಡೆಯರಿಗೆ ಎಪ್ಪತ್ತು ದಾಟಿತ್ತು. ನಲವತ್ತು ವರ್ಷ ಲೇತ್ ಮೆಷಿನ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು, ಅಗಲವಾದ ಕೈ, ಎಡಗೈಯ ಒಂದು ಬೆರಳಿಗೆ ತುದಿ ಇರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಿಸ್ತೂಲಿನ ಬಗ್ಗೆ ಬರೆಯುವವಳು ನೀನೇನಾ?" ಎಂದರು. ಹೌದೆಂದೆ. ಮ್ಯಾಗಜಿನ್ ತೆಗೆದು, ಖಾಲಿ ಎಂದು ತೋರಿಸಿ ನನ್ನ ಕೈಗೆ ಕೊಟ್ಟರು. ನಾನು ಮತ್ತೊಮ್ಮೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು, ಕಿರುಬೆರಳು ಹಾಕಿ ಮುಟ್ಟಿ ನೋಡಿದೆ. ಅವರು ನನಗೂ ಒಂದು ಲೋಟ ಚಹಾ ಸುರಿದರು.

ಪಿಸ್ತೂಲು ಚೆನ್ನಾಗಿತ್ತು. ಇದನ್ನು ಹೇಳದೆ ಹೋದರೆ ನಾನೂ ಸುಳ್ಳುಗಾತಿಯಾಗುತ್ತೇನೆ. ಅಷ್ಟು ಚಿಕ್ಕದಕ್ಕೆ ಅಷ್ಟು ತೂಕ; ಲೋಹದ ತಣ್ಣನೆಯ ಹಿಡಿ ಅಂಗೈಗೆ ಹೇಳಿ ಮಾಡಿಸಿದಂತೆ ಕೂತಿತು. ಪ್ಲಾಸ್ಟಿಕ್ ಚೌಕಟ್ಟಿನವು ಗುಂಡು ಹಾರಿದಾಗ ಕೈಯಲ್ಲಿ ಒದ್ದಾಡುತ್ತವೆ. ಇದು ಆ ಒದೆತವನ್ನೆಲ್ಲ ತನ್ನ ಭಾರದೊಳಗೇ ನುಂಗಿಕೊಂಡು ಮಣಿಕಟ್ಟಿಗೆ ಒಂದು ತಳ್ಳು ಮಾತ್ರ ಕೊಡುತ್ತಿತ್ತು. ಟ್ರಿಗರ್ ಎಳೆದರೆ ಒಂದು ಕಡೆ ಬಂದು ನಿಲ್ಲುತ್ತಿತ್ತು, ಅಲ್ಲಿಂದ ಒಣಕಡ್ಡಿ ಮುರಿದ ಹಾಗೆ ಬಿಡುತ್ತಿತ್ತು. ಇಪ್ಪತ್ತು ವರ್ಷದ ಮೇಲೆ ಹಿಡಿದಿದ್ದೆ. ಮೊದಲ ಐದು ಗುಂಡು ಎಲ್ಲೆಲ್ಲೋ ಹೋದವು. ಆಮೇಲೆ ಭುಜ, ಉಸಿರು, ಬೆರಳು ಒಂದೊಂದಾಗಿ ನೆನಪಿಗೆ ಬಂದವು. ಹದಿನೈದು ಮೀಟರಿನ ಗುರಿಹಲಗೆಯ ಮೇಲೆ ತೂತುಗಳು ಒಂದು ಇಡ್ಲಿಯ ಅಗಲದೊಳಗೆ ಬಿದ್ದವು. ಹಿರಿಯರು ದುರ್ಬೀನಿನಿಂದ ನೋಡಿ, "ಗ್ರ್ಯಾಂಡ್" ಎಂದರು.

ಅವರ ತಕರಾರು ಬೇರೆಯಿತ್ತು. ಚುಕ್ಕೆ ದುಂಡಗಿಲ್ಲ, ಬಾಲವಿರುವ ನಕ್ಷತ್ರದ ಹಾಗೆ ಕಾಣುತ್ತದೆ, ಇಷ್ಟು ದೊಡ್ಡ ಹೆಸರಿನವರು ಕೆಟ್ಟ ಗಾಜು ಹಾಕಿದ್ದಾರೆ ಅನ್ನುತ್ತಿದ್ದರು. ನನಗೆ ದುಂಡಗೇ ಕಾಣುತ್ತಿತ್ತು. ನನ್ನ ಮೊಬೈಲಿನ ಕ್ಯಾಮೆರಾವನ್ನು ಗಾಜಿಗೆ ಹಿಡಿದು ಫೋಟೋ ತೆಗೆದು ತೋರಿಸಿದೆ. ಫೋಟೋದಲ್ಲೂ ಚುಕ್ಕೆ ದುಂಡಗೇ ಇತ್ತು.

"ಗಾಜಿನ ತಪ್ಪಲ್ಲ, ನಿಮ್ಮ ಕಣ್ಣಿನದು. ಇದು ತುಂಬ ಜನಕ್ಕಿರುತ್ತೆ. ಕನ್ನಡಕ ಮಾಡಿಸಿಕೊಳ್ಳಿ," ಎಂದೆ.

"ಎರಡು ತಿಂಗಳಿಂದ ಅಂಗಡಿಯವನಿಗೆ ಬೈಯುತ್ತಿದ್ದೇನೆ," ಎಂದು ಅವರು ಮುಖ ಹುಳ್ಳಗೆ ಮಾಡಿಕೊಂಡರು.

ಗುಂಡಿನ ಮೂರನೆಯ ಡಬ್ಬಿ ಮುಗಿಯುವ ಹೊತ್ತಿಗೆ ನನ್ನ ತೂತುಗಳು ಬಲಕ್ಕೆ ಸರಿಯತೊಡಗಿದವು. ಮೊದಲು ಬೆರಳಗಲ, ಆಮೇಲೆ ನಾಲ್ಕು ಬೆರಳಗಲ. ಹಿರಿಯರು, "ನಿನ್ನ ಬೆರಳು ದಣಿದಿದೆ, ಪಕ್ಕಕ್ಕೆ ಎಳೆಯುತ್ತಿದ್ದೀಯ" ಎಂದರು. ನನಗೆ ಸುರ್ರೆಂದಿತು. ತರಬೇತುದಾರರು, ಸಹಪಾಠಿಗಳು, ಪಕ್ಕದಲ್ಲಿ ನಿಂತ ದಾರಿಹೋಕರು, ಎಲ್ಲ ಗಂಡಸರೂ ನನಗೆ ಜನ್ಮವಿಡೀ ಹೇಳಿದ ಮಾತು ಅದು. "ನೀವೇ ಹೊಡೆದು ನೋಡಿ," ಎಂದೆ. ಅವರು ಮರಳಿನ ಚೀಲದ ಮೇಲೆ ಕೈಯೂರಿ ಐದು ಹೊಡೆದರು. ಐದೂ ಇನ್ನೂ ಬಲಕ್ಕೆ. ಅವರು ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಸೈಟಿನ ಪೆಟ್ಟಿಗೆಯನ್ನು ಎರಡು ಬೆರಳಿನಿಂದ ಅಲುಗಿಸಿದರು. ಅದು ಬೀಳುವ ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ಕ್ಷಮಿಸು," ಎಂದರು. ಅಷ್ಟು ಬೇಗ, ಅಷ್ಟು ನೇರವಾಗಿ ಆ ಮಾತನ್ನು ನನಗೆ ಹೇಳಿದ ಗಂಡಸರು ಕಡಿಮೆ.

ಸೈಟನ್ನು ಪಿಸ್ತೂಲಿಗೆ ಹಿಡಿದಿಟ್ಟದ್ದು ಎರಡು ಸ್ಕ್ರೂಗಳು. ಪೆಟ್ಟಿಗೆಯಲ್ಲಿ ತಯಾರಕರೇ ಕೊಟ್ಟವು. ಅವರು ಹೇಳಿದಷ್ಟೇ ಬಿಗಿಯಾಗಿ, ಅವರು ಹೇಳಿದ ಅಂಟನ್ನೇ ಹಚ್ಚಿ ಹಿರಿಯರು ಕೂರಿಸಿದ್ದರು. ಈಗ ಬಿಚ್ಚಿ, ಜೇಬಿನಿಂದ ಅಳತೆಯ ಕ್ಯಾಲಿಪರ್ ತೆಗೆದು ಸ್ಕ್ರೂ ಅಳೆದರು, ತೂತಿನ ಆಳ ಅಳೆದರು, ಸೈಟಿಗೂ ಪಿಸ್ತೂಲಿಗೂ ನಡುವಿನ ತಗಡಿನ ದಪ್ಪ ಅಳೆದರು. ಮತ್ತೊಮ್ಮೆ ಅಳೆದರು.

"ಎರಡೂವರೆ ಸುತ್ತು," ಎಂದರು. "ತೂತಿನೊಳಗೆ ಆರು ಸುತ್ತಿನ ಜಾಗ ಇದೆ. ಇವರು ಕೊಟ್ಟ ಸ್ಕ್ರೂ ಹಿಡಿಯುತ್ತಿರುವುದು ಎರಡೂವರೆ. ಒಂದು ದಿನ ಇದು ಕಿತ್ತುಕೊಂಡು ಹಿಂದಕ್ಕೆ ಹಾರುತ್ತದೆ. ಹಿಂದೆ ಇರುವುದು ಏನು ಹೇಳು? ಹೊಡೆಯುವವನ ಮುಖ."

ಒಂದೇ ಸಲದ ಮೇಲೆ ನಾವು ತೀರ್ಮಾನಕ್ಕೆ ಬರಲಿಲ್ಲ. ಅಂಗಡಿಯಿಂದ ಇನ್ನೊಂದು ಜೊತೆ ಸ್ಕ್ರೂ ತರಿಸಿದರು. ಅವೂ ಅಷ್ಟೇ ಗಿಡ್ಡ. ಎರಡನೆಯ ಭಾನುವಾರ ಅವು ನೂರ ಮೂವತ್ತನೆಯ ಗುಂಡಿಗೆ ಸಡಿಲವಾದವು. ಮೂರನೆಯ ಭಾನುವಾರ ಹಿರಿಯರು ತಮ್ಮ ಷೆಡ್ಡಿನಲ್ಲಿ ಉದ್ದದ ಸ್ಕ್ರೂಗಳನ್ನು ಸರಿಯಾದ ಅಳತೆಗೆ ಕತ್ತರಿಸಿ ತಂದರು. ಅವತ್ತು ಪಿಸ್ತೂಲನ್ನು ಹೀಟರಿನ ಬಳಿಯಿಂದ ಚಳಿಗೆ ತಂದು, ಮತ್ತೆ ಬೆಚ್ಚಗಿನ ಗುಡಿಸಲೊಳಗೆ ಒಯ್ದು, ಗಾಜಿಗೆ ಮಂಜು ಎಷ್ಟು ಹೊತ್ತು ಕೂರುತ್ತದೆ ಎಂದೂ ನೋಡಿದೆವು. ಸಂಜೆಯವರೆಗೆ ಇಬ್ಬರೂ ಸರದಿಯ ಮೇಲೆ ಹೊಡೆದೆವು. ಸೈಟು ಕೂದಲಷ್ಟೂ ಅಲುಗಲಿಲ್ಲ. ಹೊರಡುವಾಗ ಅವರು ಅಳತೆಗಳನ್ನೆಲ್ಲ ಒಂದು ಕಾಗದದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ರುಜು ಹಾಕಿ ಕೊಟ್ಟರು. ಕಾರಿನಲ್ಲಿ ಬರುವಾಗ ನನಗೆ ವಿನಾಕಾರಣ ಖುಷಿಯಾಗಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಒಂದು ವಸ್ತುವನ್ನು ನಿಜವಾಗಿ ನೋಡಿದ್ದೆ.

ಎರಡು ದಿನ ಕೂತು ಬರೆದೆ. ಹಿಡಿ, ತೂಕ, ಟ್ರಿಗರ್, ಮಂಜು, ಕಣ್ಣಿನ ದೋಷ ಇರುವವರಿಗೆ ಚುಕ್ಕೆ ಕಾಣುವ ರೀತಿ. ಅಪ್ಪನ ಬೆರಳಿನ ಎಣ್ಣೆಯ ವಾಸನೆಯ ಬಗ್ಗೆ ಎರಡು ಸಾಲು ತಾವಾಗಿ ಬಂದವು, ಇರಲಿ ಎಂದು ಬಿಟ್ಟೆ. ಕೊನೆಗೆ ಸ್ಕ್ರೂಗಳ ವಿಷಯ, ಅಳತೆಯ ಸಮೇತ. 'ಪಿಸ್ತೂಲು ಒಳ್ಳೆಯದು. ಆದರೆ ಪೆಟ್ಟಿಗೆಯಲ್ಲಿ ಬರುವ ಸ್ಕ್ರೂ ಹಾಕಿ ಇದನ್ನು ಹೊಡೆಯಬೇಡಿ' ಎಂದು ಮುಗಿಸಿದ್ದೆ. ಟೀಮ್ ಲೀಡ್ ಓದಿ ನನ್ನ ಮೇಜಿನ ಬಳಿ ಬಂದು, "ಎಂಥಾ ರೈಟಿಂಗ್ ಅಕ್ಕ! ಮೈ ಜುಮ್ ಅಂತು" ಎಂದ.

ಮುಂದಿನ ವಾರ ಅದು ವೆಬ್‌ಸೈಟಿನಲ್ಲಿ ಬಂತು. ಕ್ಯಾಂಟೀನಿನಲ್ಲಿ ಕೂತು ಮೊಬೈಲಿನಲ್ಲಿ ಓದಿದೆ. ಮೇಲೆ ಗಡ್ಡದವನ ಫೋಟೋ, ಅದು ನಿರೀಕ್ಷಿಸಿದ್ದೇ. ಕಲ್ಲುಗಣಿ ಅಮೆರಿಕದ ಯಾವುದೋ ಬೆಟ್ಟದ ತಪ್ಪಲಾಗಿತ್ತು. ಹಿರಿಯರು ಅವನ 'ಹಳೆಯ ಗೆಳೆಯ' ಆಗಿದ್ದರು. ಸ್ಕ್ರೂಗಳ ಭಾಗ ಪೂರ್ತಿ ಇರಲಿಲ್ಲ. ಆ ಜಾಗದಲ್ಲಿ, 'ಸಾವಿರ ಗುಂಡಿನ ನಂತರವೂ ಸೈಟು ಬಂಡೆಯ ಹಾಗೆ ಕೂತಿತ್ತು, ಪೆಟ್ಟಿಗೆಯಿಂದ ತೆಗೆದು ಜೋಡಿಸಿ ನಿಶ್ಚಿಂತೆಯಾಗಿ ಬಳಸಿ' ಎಂದಿತ್ತು. ಅದರ ಕೆಳಗೆ ಎರಡು ಸಾಲು: 'ನನ್ನಪ್ಪ ಪೊಲೀಸರ ಬಂದೂಕು ದುರಸ್ತಿ ಮಾಡುತ್ತಿದ್ದರು. ಅವರ ಬೆರಳಿನ ಎಣ್ಣೆಯ ವಾಸನೆ ಈಗಲೂ ನೆನಪಿದೆ.'

ನನ್ನ ಅಪ್ಪ. ಹೋಗಿ ಎಂಟು ವರ್ಷವಾಗಿತ್ತು. ಅವರನ್ನು ಎತ್ತಿಕೊಂಡು ಹೋಗಿ, ಇಲ್ಲದ ಒಬ್ಬ ಮನುಷ್ಯನಿಗೆ ಅಪ್ಪನನ್ನಾಗಿ ಕೊಟ್ಟು, ಅವರ ಬಾಯಲ್ಲಿ ಈ ಸುಳ್ಳಿಗೆ ಸಾಕ್ಷಿ ಹೇಳಿಸಿದ್ದರು. ಟೀಮ್ ಲೀಡ್ ಪ್ಯಾಂಟ್ರಿಯಲ್ಲಿ ಕಾಫಿ ಮಾಡಿಕೊಳ್ಳುತ್ತಿದ್ದ. ಹೋಗಿ ಗಾಜಿನ ಬಾಗಿಲು ಹಾಕಿದೆ.

"ಸ್ಕ್ರೂ ಎಲ್ಲೋ?"

"ಅಕ್ಕ, ಅದು ಕ್ಲೈಂಟ್ ತೆಗ್ಸಿದ್ದು. ಆ ಪಿಸ್ತೂಲ್ ಕಂಪನಿಯವ್ರ ಜಾಹೀರಾತು ಕ್ಲೈಂಟ್ ವೆಬ್‌ಸೈಟಲ್ಲಿ ಬರತ್ತಲ್ಲ, ಅದಕ್ಕೆ."

"ತೆಗ್ಸಿದ್ರು. ಬಂಡೆ ಥರ ಕೂತಿತ್ತು ಅಂತ ಬರ್ದೋರು ಯಾರು?"

ಅವನು ಮಗ್ಗಿನೊಳಗೆ ಚಮಚ ತಿರುಗಿಸುತ್ತ ನಿಂತ.

"ಯಾರು ಬರ್ದೋರು?"

"ನಾನೇ. ಖಾಲಿ ಬಿಡಕ್ಕಾಗತ್ತಾ? ಸೈಟ್ ಬಗ್ಗೆ ಏನಾದ್ರೂ ಇರ್ಲೇಬೇಕು ಅಂದ್ರು."

"ನೀನು ಆ ಪಿಸ್ತೂಲು ನೋಡಿದೀಯಾ? ಮುಟ್ಟಿದೀಯಾ? ಯಾರದೋ ಮುಖಕ್ಕೆ ಹಾರತ್ತೆ ಅಂತ ಅಳತೆ ಸಮೇತ ಕೊಟ್ಟಿದೀನಿ, ಅದನ್ನ ಓದಿ, ಅರ್ಥ ಮಾಡ್ಕೊಂಡು, ಅದರ ಮೇಲೆ ಕೂತ್ಕೊಂಡು ಇದನ್ನ ಬರ್ದಿದೀಯ!"

"ಸ್ವಲ್ಪ ಮೆಲ್ಲಗೆ ಅಕ್ಕ, ಎಲ್ಲಾರೂ ನೋಡ್ತಿದಾರೆ."

"ನೋಡ್ಲಿ! ನಮ್ಮಪ್ಪನ್ನ ಯಾಕೋ ಎಳ್ಕೊಂಡ್ ಬಂದೆ ಇದ್ರೊಳಗೆ?"

"ಅದು ಚೆನ್ನಾಗಿತ್ತು ಅಕ್ಕ, ಅದಕ್ಕೇ ಬಿಟ್ಟೆ," ಎಂದ. ಹೊಡೆದುಬಿಡುತ್ತೇನೆ ಅನ್ನಿಸಿತು. ಕೈಕಟ್ಟಿಕೊಂಡು ಹೊರಗೆ ಬಂದೆ.

ಆ ಸಂಜೆ ಹಿರಿಯರಿಗೆ ಫೋನ್ ಮಾಡಿದೆ. ಅವರು ಆಗಲೇ ಓದಿದ್ದರು. ಕ್ಲಬ್ಬಿನಲ್ಲಿ ಯಾರೋ ತೋರಿಸಿದ್ದರಂತೆ. ಬದಲಾಯಿಸಿದ್ದು ನಾನಲ್ಲ ಎಂದೆ. "ನಾನು ಅಳತೆ ತೆಗೆದು ಬರೆದು ಕೊಟ್ಟಿದ್ದೆ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಲವತ್ತು ವರ್ಷ ಅಳತೆಯನ್ನೇ ನಂಬಿ ಬದುಕಿದವರಿಗೆ ಆದ ಅವಮಾನವಿತ್ತು. "ಇರಲಿ ಬಿಡು, ಶುಭರಾತ್ರಿ," ಎಂದು ಇಟ್ಟುಬಿಟ್ಟರು.

ಇಲ್ಲಿ ನಾನು ಏನಾದರೂ ಮಾಡಿದೆ ಎಂದು ಬರೆಯಬೇಕು. ಮಾಡಲಿಲ್ಲ. ಮೇಲಿನವರಿಗೆ ಒಂದು ಇಮೇಲ್ ಕಳಿಸಿದೆ. 'ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ' ಎಂದು ಉತ್ತರ ಬಂತು. ಆಮೇಲೆ ಐದು ವಾರ ಚಾರ್ಜರು, ಹೊದಿಕೆ, ನೀರಿನ ಬಾಟಲಿಗಳ ಬಗ್ಗೆ ಬರೆದುಕೊಂಡು ಕೂತೆ. ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಹದಿಮೂರು ವರ್ಷದ ಮಗಳು ಅವಳ ಡಬ್ಲಿನ್ ಇಂಗ್ಲಿಷಿನಲ್ಲಿ, "ಅಮ್ಮ, ವಾಟ್ಸ್ ದ ಸ್ಟೋರಿ ವಿತ್ ಯು?" ಎಂದು ಕೇಳಿದಾಗ, ಏನಿಲ್ಲ ಎಂದೆ.

ಆರನೆಯ ವಾರ ಓದುಗರ ಪತ್ರಗಳ ಸರದಿಯಲ್ಲಿ ಒಂದು ಇಮೇಲ್ ಬಂತು. ಗಡ್ಡದವನ ಹೆಸರಿಗೆ ಬರುವ ಪತ್ರಗಳಿಗೆ ಉತ್ತರಿಸುವುದೂ ನಮ್ಮದೇ ಕೆಲಸ. ಬರೆದವರು ಅಮೆರಿಕದ ಒಬ್ಬ ಶಾಲಾ ಬಸ್ ಚಾಲಕಿ. ಗುರಿ ಅಭ್ಯಾಸಕ್ಕೆಂದು ಅದೇ ಪಿಸ್ತೂಲು ಕೊಂಡಿದ್ದರು. ಎರಡನೆಯ ಸಲ ರೇಂಜಿಗೆ ಹೋದಾಗ ಸೈಟು ಕಿತ್ತುಕೊಂಡು ಹಿಂದಕ್ಕೆ ಹಾರಿ ಬಲಗಣ್ಣಿನ ಕನ್ನಡಕಕ್ಕೆ ಬಡಿದಿತ್ತು. ಫೋಟೋ ಕಳಿಸಿದ್ದರು. ರಕ್ಷಣೆಯ ಕನ್ನಡಕದ ಗಾಜು ಜೇಡರ ಬಲೆಯ ಹಾಗೆ ಸೀಳುಬಿಟ್ಟಿತ್ತು. ಹುಬ್ಬಿನ ಮೇಲೆ ಐದು ಹೊಲಿಗೆ, ಕಣ್ಣು ಊದಿ ಮುಚ್ಚಿತ್ತು. ಬೈಗುಳ ಒಂದೂ ಇರಲಿಲ್ಲ. 'ಕೊಳ್ಳುವ ಮುಂಚೆ ನಿಮ್ಮ ವಿಮರ್ಶೆ ಎರಡು ಸಲ ಓದಿದೆ. ನಿಮ್ಮ ತಂದೆಯ ವಿಷಯ ಓದಿ ನಂಬಿದೆ. ನಾನು ಜೋಡಿಸಿದ್ದರಲ್ಲಿ ಏನು ತಪ್ಪಾಯಿತು ಎಂದು ದಯವಿಟ್ಟು ಹೇಳುತ್ತೀರಾ?' ಎಂದು ಕೇಳಿದ್ದರು.

ಅವರು ತಮ್ಮ ತಪ್ಪು ಏನೆಂದು ಕೇಳುತ್ತಿದ್ದರು.

ಫೋಟೋವನ್ನು ಗಂಡನಿಗೆ ಕಳಿಸಿದೆ. ಅವನು ಹತ್ತೇ ನಿಮಿಷಕ್ಕೆ ಫೋನ್ ಮಾಡಿದ. "ಕನ್ನಡಕ ಇಲ್ದಿದ್ರೆ ಕಣ್ಣು ಹೋಗಿರೋದು. ಇದು ನೀನು ಹೇಳ್ತಿದ್ದ ಪಿಸ್ತೂಲೇನಾ?"

"ಹೂಂ."

"ಮತ್ತೆ ಇನ್ನೂ ಯಾಕೆ ಸುಮ್ನೆ ಕೂತಿದೀಯ?"

ನಾನು ಉತ್ತರ ಹೇಳುವಷ್ಟರಲ್ಲಿ ಟೀಮ್ ಲೀಡ್ ನನ್ನ ಮೇಜಿಗೆ ಬಂದ. ಪತ್ರ ಅವನೂ ನೋಡಿದ್ದ. ಮುಖ ಬಿಳಿಚಿಕೊಂಡಿತ್ತು. "ಅಕ್ಕ, ಪ್ಲೀಸ್, ಇದಕ್ಕೊಂದು ರಿಪ್ಲೈ ಹಾಕ್ಬಿಡಿ. ನೀವು ಸ್ಕ್ರೂ ಸರಿಯಾಗಿ ಟೈಟ್ ಮಾಡಿಲ್ಲ ಅನ್ಸತ್ತೆ, ಹತ್ತಿರದ ಗನ್‌ಸ್ಮಿತ್‌ನ ಕಾಣಿ ಅಂತ. ಪೊಲೈಟಾಗಿ."

"ತಪ್ಪು ಅವರದೇ ಅಂತ ಬರೀಲಾ?"

"ಹಾಗಲ್ಲ ಅಕ್ಕ…"

"ಹಾಗೇ ಅಲ್ವಾ? ಬಾಯಿ ಬಿಟ್ಟು ಹೇಳು. ಹೊಲಿಗೆ ಹಾಕಿಸ್ಕೊಂಡಿರೋ ಹೆಂಗಸಿಗೆ, ನಿಂದೇ ತಪ್ಪಮ್ಮ ಅಂತ ನಮ್ಮಪ್ಪನ ಆ ಗಡ್ಡದ ಮಗನ ಹೆಸ್ರಲ್ಲಿ ಬರೀಬೇಕು. ಅಷ್ಟೇ ತಾನೆ?"

ನಾನು ಮೊಬೈಲ್ ತೆಗೆದುಕೊಂಡು ಹೊರಗೆ ಕಾರುಗಳ ನಡುವೆ ನಿಂತು ಹಿರಿಯರಿಗೆ ಫೋನ್ ಮಾಡಿದೆ. ಆದದ್ದು ಹೇಳಿದೆ. "ನಿಮ್ಮ ಅಳತೆಯ ಕಾಗದವನ್ನು ಅವರಿಗೆ ಕಳಿಸಲೇ?" ಎಂದು ಕೇಳಿದೆ.

"ಕೇಳುವುದೇನಿದೆ? ಕಳಿಸು," ಎಂದರು. ಮತ್ತೆ, "ಆ ಹೆಂಗಸಿನ ಕಣ್ಣು ಉಳಿಯಿತೇ?" ಎಂದು ವಿಚಾರಿಸಿದರು.

ಮೇಜಿಗೆ ಹಿಂದಿರುಗಿ ನನ್ನ ಸ್ವಂತ ಹೆಸರಿನಲ್ಲಿ ಉತ್ತರ ಬರೆದೆ. ನೀವು ಏನೂ ತಪ್ಪು ಮಾಡಿಲ್ಲ. ಆ ಫೋಟೋದ ಮನುಷ್ಯ ಇಲ್ಲ. ಹೊಡೆದು ನೋಡಿದವಳು ನಾನು, ಸ್ಕ್ರೂ ಗಿಡ್ಡವೆಂದು ನಾನು ಬರೆದಿದ್ದೆ, ಅದನ್ನು ತೆಗೆದುಹಾಕಿದರು, ಗೊತ್ತಿದ್ದೂ ಐದು ವಾರ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹಿರಿಯರ ಕಾಗದದ ಫೋಟೋ ಜೊತೆಗಿಟ್ಟೆ. ಕಳಿಸುವ ಗುಂಡಿ ಒತ್ತಿದೆ. ಆಮೇಲೆ ವೆಬ್‌ಸೈಟಿನ ಪುಟ ತೆರೆದೆ. ತಿದ್ದುವ ಅಧಿಕಾರ ನನಗೆ ಇನ್ನೂ ಇತ್ತು. ಬಂಡೆಯ ಸಾಲು ಅಳಿಸಿದೆ. ಅಪ್ಪನ ಸಾಲುಗಳನ್ನು ಅಳಿಸಿದೆ. ಸ್ಕ್ರೂಗಳ ಭಾಗವನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿದೆ. ಟೀಮ್ ಲೀಡ್‌ಗೆ ಹೇಳಿಯೇ ಮಾಡಿದೆ. "ನೋಡು, ಒತ್ತುತಾ ಇದೀನಿ," ಎಂದೆ. ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದ. ತಡೆಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಆ ಪುಟ ಒಂದೂವರೆ ದಿನ ಹಾಗೇ ಇತ್ತು. ಆಮೇಲೆ ಪೂರ್ತಿ ಮಾಯವಾಯಿತು. ನನ್ನನ್ನು ಗಾಜಿನ ಕೋಣೆಗೆ ಕರೆದರು. ನಾನು ಕಂಡಿರದ ಇಬ್ಬರು ಕೂತಿದ್ದರು. ಕ್ಲೈಂಟಿನ ವಿಶ್ವಾಸಕ್ಕೆ ಧಕ್ಕೆ ತಂದಿದ್ದೀರಿ ಎಂದರು. ಓದಿದವರ ವಿಶ್ವಾಸ ಎಂದು ನಾನು ಶುರುಮಾಡಿದೆ. ಅದು ಈ ಸಭೆಯ ವಿಷಯವಲ್ಲ ಎಂದರು. ಒಬ್ಬಾಕೆ ಸೌಮ್ಯವಾಗಿ ನನ್ನ ಕಡೆ ನೀರಿನ ಲೋಟ ಸರಿಸಿದಳು. ಆ ಲೋಟವನ್ನು ಗೋಡೆಗೆ ಎಸೆಯುವ ಆಸೆಯಾಯಿತು. ಎಸೆಯಲಿಲ್ಲ, ಕುಡಿಯಲೂ ಇಲ್ಲ. ಆ ಶುಕ್ರವಾರಕ್ಕೆ ನನ್ನ ಕೆಲಸ ಮುಗಿಯಿತು.

ಬಸ್ ಚಾಲಕಿ ನನಗೆ ಎರಡು ಸಲ ಬರೆದರು. ಮೊದಲ ಪತ್ರದಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ಐದು ವಾರ ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದರು. ಸರಿಯಾದ ಉತ್ತರ ನನ್ನ ಬಳಿ ಇರಲಿಲ್ಲ, ಇಲ್ಲವೆಂದೇ ಬರೆದೆ. ಎರಡನೆಯದರಲ್ಲಿ, ಹಿರಿಯರ ಅಳತೆಯನ್ನು ಪಿಸ್ತೂಲಿನ ಕಂಪನಿಗೆ ಕಳಿಸಿದ ಮೇಲೆ ಅವರು ಮಾತಿಲ್ಲದೆ ಹೊಸ ಸ್ಕ್ರೂ ಕಳಿಸಿದರೆಂದು ತಿಳಿಸಿದ್ದರು. ಈಗ ಪೆಟ್ಟಿಗೆಯಲ್ಲಿ ಉದ್ದದ ಸ್ಕ್ರೂಗಳೇ ಬರುತ್ತಿವೆ ಎಂದು ಹಿರಿಯರೂ ಹೇಳಿದರು. ಯಾಕೆ ಬದಲಾಯಿತು ಎಂದು ಕಂಪನಿಯವರು ಎಲ್ಲಿಯೂ ಹೇಳಿಲ್ಲ. ಹಳೆಯವನ್ನು ಕೊಂಡವರಿಗೆ ಯಾರಾದರೂ ತಿಳಿಸಿದರೋ ಇಲ್ಲವೋ, ನನಗೆ ಗೊತ್ತಿಲ್ಲ.

ದೀಪಾವಳಿಯ ಊಟಕ್ಕೆ ಕ್ಯಾಸಲ್‌ನಾಕ್‌ನ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದಾಗ ಟೀಮ್ ಲೀಡ್ ಸಿಕ್ಕಿದ. ಜೊತೆಗೆ ಹೆಂಡತಿ, ಅವಳು ಬಂದು ಎರಡು ವಾರವಾಗಿತ್ತು, ಹೊಸ ಕೋಟಿನೊಳಗೂ ನಡುಗುತ್ತಿದ್ದಳು. ಅವಳನ್ನು ಪರಿಚಯ ಮಾಡಿಸಿ, ಅವಳು ಎಲೆಯ ಕಡೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದ:

"ನನ್ ಮೇಲೆ ಇನ್ನೂ ಕೋಪ ಇದೆ ಅಲ್ವಾ ಅಕ್ಕ?"

"ಇದೆ."

"ಅವಳ ವೀಸಾ ಆಗ ಅಲ್ಲೇ ನಿಂತಿತ್ತು. ಕೆಲಸ ಹೋಗಿದ್ರೆ ನಾನು ವಾಪಸ್, ಅವಳೂ ಬರೋಹಾಗಿರ್ಲಿಲ್ಲ. ನಿಮ್ಗೇನು, ಇಲ್ಲಿನ ಪಾಸ್‌ಪೋರ್ಟ್ ಇದೆ. ಡಾಕ್ಟ್ರು ದುಡೀತಾರೆ. ಬಟನ್ ಒತ್ತಿದ್ರಿ."

ಬಾಯಿಗೆ ಬಂದದ್ದನ್ನು ನುಂಗಿದೆ, ಯಾಕೆಂದರೆ ಅದು ನಿಜ. ಆ ದಿನ ನನ್ನ ಬೆನ್ನ ಹಿಂದೆ ಇದ್ದದ್ದು ಬರೀ ಧೈರ್ಯವಲ್ಲ. ಆದರೆ ಅದೊಂದೇ ನಿಜವೂ ಅಲ್ಲ.

"ಸ್ಕ್ರೂ ವಿಷ್ಯ ತೆಗ್ದಿದ್ದಕ್ಕೆ ನಿನ್ ಮೇಲೆ ಕೋಪ ಇಲ್ಲ ಕಣೋ," ಎಂದೆ. "ಅದು ನಿನ್ ಕೈಯಲ್ಲಿರ್ಲಿಲ್ಲ. ಬಂಡೆ ಅಂತ ಬರ್ದೆಯಲ್ಲ, ಅದು ನಿನ್ ಕೈ. ಸುಮ್ನೆ ಎರಡು ಸಾಲು ಸಪ್ಪೆಯಾಗಿ ಬರೀಬೋದಿತ್ತು. ನೀನು ಚೆನ್ನಾಗಿ ಬರ್ದೆ. ಆಕೆ ಅದನ್ನ ನಂಬಿದ್ಳು."

ಅವನ ಕಣ್ಣು ತುಂಬಿತು. ನಾನು ಸಮಾಧಾನ ಮಾಡಲಿಲ್ಲ. ಅವನ ಹೆಂಡತಿ ಹೋಳಿಗೆಯ ತಟ್ಟೆ ಹಿಡಿದು ನಗುತ್ತ ನಮ್ಮ ಕಡೆ ಬರುತ್ತಿದ್ದಳು. ಇಬ್ಬರೂ ಮುಖ ಸರಿಮಾಡಿಕೊಂಡೆವು.

ಈಗ ನಾನು ಭಾನುವಾರಗಳಂದು ಕಲ್ಲುಗಣಿಗೆ ಹೋಗುತ್ತೇನೆ. ಕ್ಲಬ್ಬಿನ ಸಣ್ಣ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತೇನೆ. ಹಿರಿಯರು ಕೊನೆಗೂ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ, ನನಗಿಂತ ಚೆನ್ನಾಗಿ ಹೊಡೆಯತೊಡಗಿದ್ದಾರೆ, ಅದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಹೊಸ ಕೆಲಸ ಇನ್ನೂ ಸಿಕ್ಕಿಲ್ಲ. ಸಂದರ್ಶನದಲ್ಲಿ ಹಿಂದಿನ ಕೆಲಸ ಬಿಟ್ಟದ್ದೇಕೆ ಎಂದು ಕೇಳುತ್ತಾರೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಎದುರು ಕೂತವರು ಬರೆದುಕೊಳ್ಳುವುದನ್ನು ನಿಲ್ಲಿಸಿ ಪೆನ್ನು ಕೆಳಗಿಡುತ್ತಾರೆ.